ತರಿ ಭೂಮಿಯ ಮೇಲೆ ಎದ್ದ ಬಡಾವಣೆ

ಬೆಂಗಳೂರಿನ ಆಗ್ನೇಯಕ್ಕೆ, ವರ್ತೂರು, ಸರ್ಜಾಪುರ, ಆನೇಕಲ್ ಕಡೆಯ ಯಾವುದಾದರೂ ಹಳ್ಳಿಯ ಗ್ರಾಮ ನಕ್ಷೆಯನ್ನು ಮೇಜಿನ ಮೇಲೆ ಹರಡಿ. ಒಂದು ಮೈಲಿ ನೆಲವನ್ನು ಎಂಟು ಇಂಚು ಕಾಗದಕ್ಕೆ ಇಳಿಸಿದ ಹಾಳೆ ಅದು. ಕಂದಾಯ ಗೊತ್ತುಮಾಡಲು ಬರೆಸಿದ್ದಾದ್ದರಿಂದ ಅದರಲ್ಲಿ ಎತ್ತರ ತಗ್ಗು ತೋರಿಸುವ ಒಂದು ಗೆರೆಯೂ ಇಲ್ಲ. ಆದರೂ ನೋಡಬಲ್ಲವರಿಗೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಹರಿಯುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಖುಷ್ಕಿ ಹೊಲಗಳ ಸರ್ವೆ ನಂಬರುಗಳು ಸಾಮಾನ್ಯವಾಗಿ ದೊಡ್ಡವು, ಚೌಕಾಕಾರದವು. ಅವುಗಳ ನಡುವೆ ಎಲ್ಲೋ ಒಂದು ಕಡೆ ತುಂಡುಗಳು ಸಣ್ಣದಾಗುತ್ತ, ಉದ್ದುದ್ದಕ್ಕೆ ಸೀಳುತ್ತ ಹೋಗುತ್ತವೆ. ಅದು ಕೆರೆಯ ಕೆಳಗಿನ ಅಚ್ಚುಕಟ್ಟು, ಅಂದರೆ ಭತ್ತ ಬೆಳೆಯುತ್ತಿದ್ದ ತರಿ ಭೂಮಿ. ಅಲ್ಲಿನ ಒಂದೊಂದು ಗುಂಟೆಗೂ ಬೆಲೆಯಿದ್ದುದರಿಂದ ಅಣ್ಣತಮ್ಮಂದಿರು ಅದನ್ನು ಹಂಚಿಕೊಂಡರು, ಭೂಮಾಪಕ ಅದನ್ನು ಅಳೆದ. ತುಂಡುಗಳ ಅಂಚಿನಲ್ಲಿ ಎರಡು ಗೆರೆಗಳ ನಡುವೆ ಹಳ್ಳವೊಂದು ಮುಂದಿನ ಕೆರೆಯತ್ತ ಸಾಗುತ್ತದೆ. ಅದರ ಮೇಲೆ ಯಾರ ಹೆಸರೂ ಇಲ್ಲ. ಪಹಣಿಯಲ್ಲಿ ಅದು ‘ಬಿ ಖರಾಬು’: ಸಾರ್ವಜನಿಕರದ್ದು, ಉಳುವಂತಿಲ್ಲ, ಮಾರುವಂತಿಲ್ಲ.

ಈ ನಕ್ಷೆಯ ಮೇಲೆ ಇವತ್ತಿನ ಉಪಗ್ರಹ ಚಿತ್ರವನ್ನು ಹೊಂದಿಸಿ ಇಟ್ಟರೆ, ಸಣ್ಣ ತುಂಡುಗಳ ಜಾಗದಲ್ಲಿ ವಿಲ್ಲಾಗಳ ಸಾಲು, ಅಪಾರ್ಟ್‌ಮೆಂಟು, ಟೆಕ್ ಪಾರ್ಕು ಕಾಣುತ್ತವೆ. ನನ್ನ ಲೆಕ್ಕದಲ್ಲಿ ಈ ಪ್ರದೇಶದ ಮೊದಲ ಪ್ರವಾಹ ನಕ್ಷೆಯನ್ನು ಬರೆದವನು ಜಲವಿಜ್ಞಾನಿಯಲ್ಲ, ಸರಪಳಿ ಹಿಡಿದ ಭೂಮಾಪಕ. ಪ್ರವಾಹದ ನಕ್ಷೆ ಬರೆಯುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ, ಅಷ್ಟೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ನದಿಯೊಂದೂ ಹಾಯದ ಊರು ಮುಳುಗುತ್ತದೆಂದರೆ ಹೊರಗಿನವರು ನಂಬುವುದಿಲ್ಲ. ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ. ಅಲ್ಲಿಂದ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ. ವೃಷಭಾವತಿ ಕಣಿವೆಯದು ಅರ್ಕಾವತಿಯ ಮೂಲಕ ಕಾವೇರಿಗೆ. ಹೆಬ್ಬಾಳ ಕಣಿವೆಯದೂ ಕೋರಮಂಗಲ–ಚಲ್ಲಘಟ್ಟ ಕಣಿವೆಯದೂ ಪೂರ್ವದ ದಕ್ಷಿಣ ಪಿನಾಕಿನಿಗೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಇರಲಿಲ್ಲವಾದ್ದರಿಂದಲೇ ಜನ ಪ್ರತಿ ತಗ್ಗಿಗೂ ಏರಿ ಕಟ್ಟಿ ಕೆರೆ ಮಾಡಿದರು. ಅಗರದಲ್ಲಿ ಸಿಕ್ಕ ಗಂಗರ ಕಾಲದ ಶಾಸನವೊಂದು ಕೆರೆಗಳಿಗೆ ತೂಬು ಇಡಿಸಿದ್ದನ್ನು ಹೇಳುತ್ತದೆ. ಸಾವಿರ ವರ್ಷಕ್ಕೂ ಹಿಂದಿನ ಮಾತದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ವರ್ತೂರಿನದು ಪಿನಾಕಿನಿಯತ್ತ. ಇಲ್ಲಿನ ಜಲಜಾಲ ಅರ್ಧ ಪ್ರಕೃತಿಯದ್ದು, ಅರ್ಧ ಮನುಷ್ಯರದ್ದು. ನಕ್ಷೆ ಬರೆಯುವ ಕಷ್ಟಗಳೆಲ್ಲ ಶುರುವಾಗುವುದು ಇಲ್ಲಿಂದ.

ಪ್ರವಾಹ ಅಪಾಯದ ನಕ್ಷೆಗೆ ಮೊದಲು ಬೇಕಾಗುವುದು ನೆಲದ ಎತ್ತರ. ಸರ್ವೆ ಆಫ್ ಇಂಡಿಯಾದ 57ಎಚ್/9 ಹಾಳೆಯಲ್ಲಿ ಬೆಂಗಳೂರಿನ ಸಮೋನ್ನತಿ ರೇಖೆಗಳಿವೆ. ಆದರೆ ಒಂದು ರೇಖೆಗೂ ಇನ್ನೊಂದಕ್ಕೂ 20 ಮೀಟರ್ ಅಂತರ. ಆರು ಮಹಡಿಯ ಕಟ್ಟಡ ಆ ಎರಡು ರೇಖೆಗಳ ನಡುವೆ ಅಡಗಿಬಿಡುತ್ತದೆ. ಹೀಗಾಗಿ ಎಲ್ಲರೂ ಮೊರೆಹೋಗುವುದು ಬಾಹ್ಯಾಕಾಶದಿಂದ ಅಳೆದ ಎತ್ತರಗಳಿಗೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ, ರೇಡಾರಿನಿಂದ ಬಹುಪಾಲು ನೆಲದ ಎತ್ತರವನ್ನು ಅಳೆಯಿತು. ನಮ್ಮದೇ ಕಾರ್ಟೊಸ್ಯಾಟ್–1 ಉಪಗ್ರಹ 2005ರಲ್ಲಿ ಮೇಲೇರಿ, ಎರಡು ಕೋನದಿಂದ ತೆಗೆದ ಜೋಡಿ ಚಿತ್ರಗಳಿಂದ ಎತ್ತರ ಲೆಕ್ಕ ಹಾಕಿಕೊಟ್ಟಿತು. ಎರಡೂ ಉಪಯುಕ್ತವೇ. ಆದರೆ ನೌಕೆಯ ದತ್ತಾಂಶದಲ್ಲಿ ಒಂದು ಚೌಕವೆಂದರೆ ಸುಮಾರು 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಒಂಬತ್ತು ಗುಂಟೆ. ಅಷ್ಟೂ ನೆಲಕ್ಕೆ ಒಂದೇ ಎತ್ತರ. ಮೂರು ಮೀಟರ್ ಅಗಲದ ಕಾಲುವೆ ಅದರೊಳಗೆ ಎಲ್ಲಿ ಕಂಡೀತು? ಜತೆಗೆ ಎತ್ತರದಲ್ಲಿ ಕೆಲವು ಮೀಟರ್‌ಗಳಷ್ಟು ತಪ್ಪು ಇರುವುದು ಮಾಮೂಲು. ಮನೆಯೊಳಗೆ ನೀರು ನುಗ್ಗುವುದಕ್ಕೂ ನುಗ್ಗದಿರುವುದಕ್ಕೂ ಅರ್ಧ ಮೀಟರ್ ಸಾಕು.

ಇನ್ನೊಂದು ತೊಡಕಿದೆ. ರೇಡಾರಾಗಲಿ ಕ್ಯಾಮೆರಾವಾಗಲಿ ನೋಡುವುದು ಮೇಲ್ಮೈಯನ್ನು: ತೆಂಗಿನ ತಲೆ, ನೀಲಗಿರಿ ತೋಪು, ತಾರಸಿ. ಅದೃಷ್ಟವಶಾತ್ 2000ದ ಅಳತೆ ನಡೆದಾಗ ಸರ್ಜಾಪುರ ರಸ್ತೆಯ ಸುತ್ತ ಬಡಾವಣೆಗಳು ಅಷ್ಟಾಗಿ ಎದ್ದಿರಲಿಲ್ಲ. ಹಾಗಾಗಿ ಹಳೆಯದೆಂದು ಮೂಗು ಮುರಿಯುವ ಆ ದತ್ತಾಂಶವೇ ಕಟ್ಟಡಗಳಿಲ್ಲದ ನೆಲದ ಮಟ್ಟವನ್ನು ತಿಳಿಯಲು ಹೊಸದಕ್ಕಿಂತ ಉಪಕಾರಿ. ಆದರೆ ಆಮೇಲೆ ಲಾರಿಗಟ್ಟಲೆ ಮಣ್ಣು ಸುರಿದು ಏರಿಸಿದ ನೆಲ ಅದರಲ್ಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡದೆ ವಿಧಿಯಿಲ್ಲ. ಇದಕ್ಕಿಂತ ಚೆನ್ನಾದ ಉಪಾಯ ವಿಮಾನದಿಂದಲೋ ಡ್ರೋನಿನಿಂದಲೋ ಲೇಸರ್ ಕಿರಣ ಹಾಯಿಸಿ ಅಳೆಯುವ ಲೈಡಾರ್. ಅದರ ಕಿರಣಗಳಲ್ಲಿ ಒಂದಷ್ಟು ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಬರುವುದರಿಂದ ಹತ್ತಾರು ಸೆಂಟಿಮೀಟರಿನ ವ್ಯತ್ಯಾಸವೂ ಸಿಗುತ್ತದೆ. ಖರ್ಚು ಮಾತ್ರ ಹೆಚ್ಚು.

ಎತ್ತರ ಸಿಕ್ಕಿತು ಎಂದುಕೊಳ್ಳಿ. ಮುಂದೆ ಕಂಪ್ಯೂಟರಿಗೆ ನೀರು ಹರಿಯುವ ದಿಕ್ಕು ತಿಳಿಸಬೇಕು. ಬಹಳ ಬಳಕೆಯಲ್ಲಿರುವ ಕ್ರಮಕ್ಕೆ ‘ಡಿ–8’ ಎಂದು ಹೆಸರು. ಪ್ರತಿ ಚೌಕಕ್ಕೂ ಎಂಟು ನೆರೆಹೊರೆ. ಅವುಗಳಲ್ಲಿ ಯಾವುದರತ್ತ ಇಳಿಜಾರು ಹೆಚ್ಚೋ ಅದಕ್ಕೆ ನೀರು ಸಾಗಿಸು ಎನ್ನುವುದಷ್ಟೇ ಅದರ ನಿಯಮ. ಎಂಟೂ ಕಡೆಯ ನೆರೆಯವರು ಎತ್ತರದಲ್ಲಿದ್ದರೆ? ಆ ಚೌಕ ಗುಂಡಿ. ನೀರು ಅಲ್ಲೇ ನಿಂತುಬಿಟ್ಟರೆ ಲೆಕ್ಕ ಮುಂದೆ ಸಾಗದು. ಅದಕ್ಕೇ ಕೆಲಸ ಶುರುಮಾಡುವ ಮೊದಲೇ ಗುಂಡಿಗಳನ್ನೆಲ್ಲ ತುಂಬಿಸಿ ನೆಲ ಸಪಾಟು ಮಾಡುವ ವಾಡಿಕೆಯಿದೆ. ಯುರೋಪಿನ ನದಿ ಬಯಲುಗಳಲ್ಲಿ ಆ ಗುಂಡಿಗಳಲ್ಲಿ ಬಹುಪಾಲು ಅಳತೆಯ ದೋಷವೇ ಆಗಿರುತ್ತವೆ, ತುಂಬಿಸಿದರೆ ನಷ್ಟವಿಲ್ಲ. ಇಲ್ಲಿ ಹಾಗಲ್ಲ. ಬೆಂಗಳೂರು, ಕೋಲಾರ, ತುಮಕೂರು ಸೀಮೆಯಲ್ಲಿ ಆ ಗುಂಡಿಯೆಂದರೆ ಕೆರೆ! ಕೀಲಿ ಒತ್ತಿದ ಕ್ಷಣದಲ್ಲಿ ನೂರಾರು ವರ್ಷದ ಕೆರೆಗಳೆಲ್ಲ ಮುಚ್ಚಿಹೋಗಿ, ನೀರು ಏರಿಯ ಮೇಲೆ ಎಲ್ಲೋ ಒಂದು ಕಡೆ ದಾಟಿ, ಅಚ್ಚುಕಟ್ಟಿನ ನಟ್ಟನಡುವೆ ಹರಿದಂತೆ ತೋರುತ್ತದೆ. ವಾಸ್ತವದಲ್ಲಿ ನೀರು ಹೊರಬೀಳುವುದು ಏರಿಯ ತುದಿಯಲ್ಲಿ, ಕಲ್ಲು ಕಟ್ಟಿದ ಕೋಡಿಯಲ್ಲಿ. ಗದ್ದೆ ಹಾಳಾಗದಿರಲೆಂದು ಕಣಿವೆಯ ನಡುವನ್ನು ಬಿಟ್ಟು ಪಕ್ಕದಲ್ಲಿ ತೆಗೆದ ಕಾಲುವೆಯಲ್ಲಿ ಅದು ಸಾಗುತ್ತದೆ.

ರಸ್ತೆಗಳದ್ದು ಇದರ ತದ್ವಿರುದ್ಧ ಕಥೆ. ಏರಿಸಿ ಕಟ್ಟಿದ ರಸ್ತೆ ಎತ್ತರದ ದತ್ತಾಂಶದಲ್ಲಿ ಅಣೆಕಟ್ಟಿನಂತೆ ಅಡ್ಡ ನಿಲ್ಲುತ್ತದೆ. ಅದರಡಿಯ ಮೋರಿ ಆಕಾಶದಿಂದ ಕಾಣುವುದಿಲ್ಲ. ಹೀಗಾಗಿ ಕಂಪ್ಯೂಟರ್ ನೀರನ್ನು ನಿಲ್ಲದ ಕಡೆ ನಿಲ್ಲಿಸಿ, ನಿಲ್ಲಬೇಕಾದ ಕಡೆ ಹರಿಸಿಬಿಡುತ್ತದೆ.

ಪರಿಹಾರ ಗ್ರಾಮ ನಕ್ಷೆಯಲ್ಲೇ ಇದೆ. ಅದರಲ್ಲಿನ ಹಳ್ಳ, ಕಾಲುವೆ, ಕೋಡಿಗಳ ಗೆರೆಗಳನ್ನು ತೆಗೆದು, ಎತ್ತರದ ದತ್ತಾಂಶದಲ್ಲಿ ಆ ಗೆರೆಗುಂಟ ಚೌಕಗಳನ್ನು ಬೇಕೆಂದೇ ತಗ್ಗಿಸುತ್ತಾರೆ. ಕೆರೆಗಳನ್ನು ತುಂಬಿಸದೆ ಹಾಗೇ ಉಳಿಸಿ, ಒಂದೊಂದಕ್ಕೂ ಅದರ ಕೋಡಿಯ ಮಟ್ಟ ಕೊಡುತ್ತಾರೆ. ಮೋರಿ ಇರುವಲ್ಲೆಲ್ಲ ರಸ್ತೆಯನ್ನು ಕೊರೆಯುತ್ತಾರೆ. ಹೇಳಲು ಒಂದು ವಾಕ್ಯ, ಮಾಡಲು ತಿಂಗಳುಗಳು. ಹಳೆಯ ಹಾಳೆ ಮಡಿಕೆಯಲ್ಲಿ ಎಳೆದುಕೊಂಡಿರುತ್ತದೆ, ಒಂದು ಹಳ್ಳಿಯ ಅಂಚು ಪಕ್ಕದ ಹಳ್ಳಿಯ ಅಂಚಿಗೆ ಕೂರುವುದಿಲ್ಲ. ಗಡಿಕಲ್ಲು, ಗುಡಿ, ಕೆರೆ ಏರಿ ಇಂಥ ಕದಲದ ಗುರುತುಗಳನ್ನು ಚಿತ್ರದಲ್ಲಿ ಹುಡುಕಿ ಹೊಂದಿಸಬೇಕು. ಗಡಿಕಲ್ಲು ಕದಲುವುದಿಲ್ಲ ಎನ್ನುವುದೂ ನಗರದಂಚಿನಲ್ಲಿ ದೊಡ್ಡ ಮಾತೇ. ಆಮೇಲೆ ನೆಲಕ್ಕಿಳಿದು, ಮೋರಿ ಎಷ್ಟು ಅಗಲ, ಅದರಲ್ಲಿ ಎಷ್ಟು ಹೂಳಿದೆ, ಕೋಡಿಗೆ ಮೀನು ತಪ್ಪಿಸಿಕೊಳ್ಳದಂತೆ ಯಾರಾದರೂ ಜಾಲರಿ ಕಟ್ಟಿದ್ದಾರೆಯೇ ಎಂದು ನೋಡಬೇಕು. ಜಾಲರಿಯ ಮಾತು ಕ್ಷುಲ್ಲಕವಲ್ಲ. ಕೋಡಿಯ ಮೇಲೆ ಹರಿಯುವ ನೀರಿನ ಎತ್ತರ ಇಮ್ಮಡಿಯಾದರೆ ಹರಿವು ಇಮ್ಮಡಿಯಲ್ಲ, ಸುಮಾರು 2.8 ಪಟ್ಟು ಆಗುತ್ತದೆ. ಹತ್ತು ಮೀಟರ್ ಉದ್ದದ ಕೋಡಿಯ ಮೇಲೆ ಒಂದು ಅಡಿ ನೀರಿದ್ದರೆ ಸೆಕೆಂಡಿಗೆ ಸುಮಾರು 3 ಘನ ಮೀಟರ್, ಎರಡಡಿ ಇದ್ದರೆ ಸುಮಾರು 8. ಜಾಲರಿಗೆ ಕಸ ಕಟ್ಟಿಕೊಂಡು ನೀರು ತಡೆದರೆ ಕೆರೆಯ ಮಟ್ಟ ಹಿಂದಕ್ಕೆ ಏರುತ್ತ ಹೋಗಿ, ಮೇಲಿನ ಬಡಾವಣೆಯ ಚರಂಡಿಯೊಳಗೇ ನೀರು ವಾಪಸು ಬರುತ್ತದೆ.

ಇನ್ನು ಮಳೆ. ಹೊಲದ ಮೇಲೆ ಬಿದ್ದ ಮಳೆಯಲ್ಲಿ ಒಂದಷ್ಟನ್ನು ಕೆಂಪು ಮಣ್ಣು ಕುಡಿಯುತ್ತದೆ, ಒಂದಷ್ಟನ್ನು ಬದುಗಳು ಹಿಡಿಯುತ್ತವೆ, ಉಳಿದದ್ದು ನಿಧಾನಕ್ಕೆ ಹಳ್ಳ ಸೇರುತ್ತದೆ. ಕಾಂಕ್ರೀಟು ಹಾಸಿದ ಮೇಲೆ ಕುಡಿಯುವವರಿಲ್ಲ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಹೊಯ್ದು, ಅದರಲ್ಲಿ ಶೇ. 30 ಮಾತ್ರ ಹರಿದುಬಂದರೆ ಹಳ್ಳದಲ್ಲಿ ಸೆಕೆಂಡಿಗೆ ಸುಮಾರು 4 ಘನ ಮೀಟರ್ ನೀರು. ಅದೇ ಶೇ. 80 ಹರಿದರೆ 11. ಆಕಾಶದಿಂದ ಒಂದು ಹನಿಯೂ ಹೆಚ್ಚು ಬಿದ್ದಿಲ್ಲ, ಹಳ್ಳಕ್ಕೆ ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು ಬಂತು. ಹವಾಮಾನ ಬದಲಾವಣೆಯನ್ನು ಬೈಯುವ ಮೊದಲು ಈ ಲೆಕ್ಕವನ್ನು ಒಮ್ಮೆ ಮಾಡಿಕೊಳ್ಳುವುದು ಒಳ್ಳೆಯದು.

ಪ್ರಮಾಣಕ್ಕಿಂತ ಸೂಕ್ಷ್ಮವಾದದ್ದು ವೇಳೆ. ಹಿಂದೆ ಒಂದೊಂದು ಕಡೆಯ ನೀರು ಒಂದೊಂದು ಹೊತ್ತಿಗೆ ತಲುಪುತ್ತಿತ್ತು. ನಡುವೆ ಕೆರೆಗಳು ತಡೆದು ನಿಲ್ಲಿಸಿ ಬಿಡುತ್ತಿದ್ದವು. ಈಗ ಎಲ್ಲ ಕಡೆಯ ಚರಂಡಿಗಳೂ ಒಟ್ಟಿಗೆ ಬಂದು ಸುರಿಯುತ್ತವೆ. ಕೆರೆಗಳ ತಡೆಯುವ ಶಕ್ತಿಯೂ ಕುಗ್ಗಿದೆ. ಅದಕ್ಕೆ ಕಾರಣ ಹೂಳು ಒಂದೇ ಅಲ್ಲ. ಮಳೆಯಾಶ್ರಿತ ಕೆರೆ ಬೇಸಿಗೆಯ ಹೊತ್ತಿಗೆ ತಳ ಕಂಡಿರುತ್ತಿತ್ತು, ಮುಂಗಾರಿನ ಮೊದಲ ದೊಡ್ಡ ಮಳೆಗಳನ್ನೆಲ್ಲ ನುಂಗುವಷ್ಟು ಜಾಗ ಅದರಲ್ಲಿ ಖಾಲಿ ಇರುತ್ತಿತ್ತು. ನಗರದ ಕೊಳಚೆ ಹರಿಯತೊಡಗಿದ ಮೇಲೆ ಅಂಥ ಕೆರೆ ಏಪ್ರಿಲ್‌ನಲ್ಲೂ ತುಂಬಿಯೇ ಇರುತ್ತದೆ. ನೋಡಲು ಸಮೃದ್ಧಿ, ಪ್ರವಾಹದ ಲೆಕ್ಕದಲ್ಲಿ ಅದು ಇಲ್ಲದ ಕೆರೆ. ನಕ್ಷೆಯಲ್ಲಿ ನೀಲಿ ಬಣ್ಣ ಬಳಿದು ‘ಸಂಗ್ರಹ ಸಾಮರ್ಥ್ಯ’ ಎಂದು ಬರೆದುಕೊಂಡರೆ ಮೋಸಹೋದಂತೆಯೇ.

ಇವೆಲ್ಲ ಒಟ್ಟಾಗಿ ಕಂಡದ್ದು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ. ಆಗಸ್ಟಿನ ಮಳೆಗೇ ಕೆರೆಗಳು ತುಂಬಿದ್ದವು, ಮಣ್ಣು ನೆನೆದಿತ್ತು. ಸೆಪ್ಟೆಂಬರ್ 4ರ ರಾತ್ರಿ ಸುರಿದು, 5ರ ಬೆಳಗಿನ ಹೊತ್ತಿಗೆ ನಗರದ ಮಾಪಕದಲ್ಲಿ 24 ಗಂಟೆಗೆ 130 ಮಿಲಿಮೀಟರ್ ದಾಟಿತ್ತು. ಒಂದು ಎಕರೆಯ ಮೇಲೆ ಅಷ್ಟು ಮಳೆಯೆಂದರೆ ಐದು ಲಕ್ಷ ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ಇದೇ ಬಡಾವಣೆಗಳಿಗೆ ದುಡ್ಡು ಕೊಟ್ಟು ತರಿಸುವ ಆರು ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಎಂಬತ್ತೆಂಟು. ಹೊರವರ್ತುಲ ರಸ್ತೆ, ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ವಿಲ್ಲಾ ಬಡಾವಣೆಗಳು ಮುಳುಗಿದವು. ಜನ ಟ್ರ್ಯಾಕ್ಟರು ಹತ್ತಿ ಆಫೀಸಿಗೆ ಹೋದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಅದೇ ಮಳೆಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ, ನೀರಿನಲ್ಲಿ ನಿಂತ ಊರಿಗೆ ಕಾವೇರಿ ನೀರು ನಿಂತಿತು.

ಆ ವಾರ ಮುಳುಗಿದ್ದು ಎಲ್ಲೆಲ್ಲಿ ಎಂದು ಉಪಗ್ರಹದಿಂದ ನೋಡಲಾಗಲಿಲ್ಲವೇ ಎಂದು ಕೇಳಬಹುದು. ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳಿವೆ. ತೆರೆದ ಬಯಲಿನಲ್ಲಿ ನಿಂತ ನೀರು ಅವುಗಳ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ರೇಡಾರಿನ ಅಲೆ ನೀರಿಗೆ ಬಡಿದು ಬೇರೆಡೆಗೆ ಜಾರಿಹೋಗಿ ಉಪಗ್ರಹಕ್ಕೆ ಮರಳುವುದೇ ಇಲ್ಲ. ಮನೆಗಳ ನಡುವೆ ಮಾತ್ರ ಆಟ ಬದಲು. ನೀರಿಗೆ ತಗುಲಿದ ಅಲೆ ಗೋಡೆಗೆ ಬಡಿದು ನೇರ ವಾಪಸು ಹೋಗುತ್ತದೆ, ಮುಳುಗಿದ ಬೀದಿ ಬೆಳ್ಳಗೆ ಹೊಳೆಯುತ್ತದೆ. ಗದ್ದೆ ಮುಳುಗಿದ್ದನ್ನು ಸಲೀಸಾಗಿ ಹಿಡಿಯುವ ವಿಧಾನ, ಗದ್ದೆ ಬಡಾವಣೆಯಾದ ಮೇಲೆ ತಪ್ಪುತ್ತದೆ. ಅರ್ಧ ಹೊಲ, ಅರ್ಧ ಮನೆ ಇರುವ ನಗರದಂಚಿನಲ್ಲಿ ಒಂದೇ ಚಿತ್ರದಲ್ಲಿ ಎರಡೂ ಬೆರೆತಿರುತ್ತವೆ.

ಹೀಗಾಗಿ ಪ್ರವಾಹ ಇಳಿದ ಮರುದಿನವೇ ಹೊರಡಬೇಕು. ಗೋಡೆಗಳ ಮೇಲಿನ ಕೆಸರಿನ ಗೆರೆ ಕೆಲವು ದಿನ ಇರುತ್ತದೆ. ಆಮೇಲೆ ತೊಳೆಯುತ್ತಾರೆ, ಬಣ್ಣ ಹೊಡೆಯುತ್ತಾರೆ. ಆ ಗೆರೆ ನೆಲದಿಂದ ಎಷ್ಟು ಎತ್ತರ, ಸಮುದ್ರಮಟ್ಟದಿಂದ ಎಷ್ಟು ಎಂದು ಅಳೆದಿಟ್ಟರೆ, ಕಂಪ್ಯೂಟರಿನ ಲೆಕ್ಕವನ್ನು ಒರೆಗೆ ಹಚ್ಚಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಎರಡನೆಯ ಸಾಕ್ಷಿ ಊರಿನ ಹಿರಿಯರು, ಅದರಲ್ಲೂ ನೀರುಗಂಟಿ ಮನೆತನದವರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ಲೆಕ್ಕ ಇಟ್ಟುಕೊಂಡು ತೂಬು ಎತ್ತುತ್ತಿದ್ದವರಿಗೆ ಆ ಇಳಿಜಾರು ಗೇಣು ಗೇಣಾಗಿ ಗೊತ್ತು. ಆದರೆ ಅವರನ್ನು ಕೇಳುವ ರೀತಿ ಇದೆ. “ಎಷ್ಟು ನೀರು ಬಂದಿತ್ತು ತಾತ?” ಎಂದರೆ “ಬೇಜಾನ್ ಬಂದಿತ್ತು” ಎನ್ನುತ್ತಾರೆ. “ಕೋಡಿ ಬಿದ್ದಾಗ ಎತ್ತಿನ ಗಾಡಿ ಎಲ್ಲಿ ದಾಟಿಸ್ತಿದ್ರಿ?” ಎಂದು ಕೇಳಿದರೆ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಇಷ್ಟೆಲ್ಲ ಆದ ಮೇಲೆ ಬಣ್ಣ ಬಳಿಯುವ ಕೆಲಸ. ಆಳ ಒಂದನ್ನೇ ತೋರಿಸಿದರೆ ಸಾಲದು, ವೇಗವೂ ಬೇಕು. ಮೊಣಕಾಲುದ್ದದ ನಿಂತ ನೀರಿನಲ್ಲಿ ನಡೆಯಬಹುದು, ಅಷ್ಟೇ ಆಳದ ಓಡುವ ನೀರು ಕಾಲು ಕೀಳುತ್ತದೆ. ಅದಕ್ಕೇ ಆಳವನ್ನು ವೇಗದಿಂದ ಗುಣಿಸಿ ಅಪಾಯದ ದರ್ಜೆ ಕೊಡುವ ಪದ್ಧತಿ ಇದೆ. ಸಣ್ಣ ಕಾರಿಗಾದರೆ ಸುಮಾರು 30 ಸೆಂಟಿಮೀಟರ್ ನೀರೇ ಅಪಾಯದ ಗಡಿ. ಅಪಾಯ ಒಂದೇ ಆದರೂ ನಷ್ಟ ಒಂದೇ ಅಲ್ಲ: ಭತ್ತದ ಪೈರು ಎರಡು ದಿನ ನೀರಿನಲ್ಲಿ ನಿಂತರೆ ಚೇತರಿಸಿಕೊಂಡೀತು, ನೆಲಮಾಳಿಗೆಯ ಟ್ರಾನ್ಸ್‌ಫಾರ್ಮರು, ಲಿಫ್ಟಿನ ಮೋಟಾರು ಎರಡು ಗಂಟೆ ತಾಳವು. ರೈತ ಆ ತಗ್ಗನ್ನು ಭತ್ತಕ್ಕೆ ಬಿಟ್ಟದ್ದು ಸುಮ್ಮನೆ ಅಲ್ಲ. ಮನೆ ಕಟ್ಟಿಕೊಂಡದ್ದು ದಿಣ್ಣೆಯ ಮೇಲೆ.

‘ನೂರು ವರ್ಷದ ಪ್ರವಾಹ’ ಎಂಬ ಮಾತು ಮಾಡಿದಷ್ಟು ಗೊಂದಲವನ್ನು ಈ ವಿಷಯದಲ್ಲಿ ಬೇರಾವುದೂ ಮಾಡಿಲ್ಲ. ಒಮ್ಮೆ ಬಂದುಹೋಯಿತು, ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ ಅದರರ್ಥ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ, ಅಷ್ಟೆ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಸಾಲದ ಕಂತು ಕಟ್ಟುತ್ತ ಕೂತವರಿಗೆ ಆ ಅವಧಿಯಲ್ಲಿ ಒಮ್ಮೆಯಾದರೂ ಅದು ಎದುರಾಗುವ ಸಾಧ್ಯತೆ ಶೇ. 26. ಇದೂ ಕೂಡ ಮೇಲಿನ ಹಳ್ಳಿಗಳು ಹೀಗೇ ಉಳಿಯುತ್ತವೆಂಬ ನಂಬಿಕೆಯ ಮೇಲಿನ ಲೆಕ್ಕ. ಮೇಲೆ ನಾಲ್ಕು ಬಡಾವಣೆ ಬಂದರೆ ನೂರು ವರ್ಷದ ಹರಿವು ಇಪ್ಪತ್ತು ವರ್ಷದ್ದಾಗಬಹುದು.

ಬಡಾವಣೆಗಳು ಮಾಡುವ ಕೇಡು ಕಾಂಕ್ರೀಟಿನಿಂದ ಮಾತ್ರ ಬರುವುದಲ್ಲ. ತಗ್ಗು ಕೊಂಡವರು ಮೊದಲು ಮಾಡುವ ಕೆಲಸ ಮಣ್ಣು ತುಂಬಿಸುವುದು. ಒಂದು ಎಕರೆಯನ್ನು ಒಂದು ಮೀಟರ್ ಏರಿಸಿದರೆ 40 ಲಕ್ಷ ಲೀಟರ್ ನೀರು ನಿಲ್ಲುತ್ತಿದ್ದ ಜಾಗ ಹೋಯಿತು. ಆ ನೀರು ಪಕ್ಕದವರಲ್ಲಿಗೆ ಹೋಗುತ್ತದೆ. ಪಕ್ಕದವರೂ ಏರಿಸಿದರೆ ಕೊನೆಗೆ ತಗ್ಗಾಗಿ ಉಳಿಯುವುದು ಹಳೆಯ ಊರು, ಒಂದು ಕಾಲಕ್ಕೆ ದಿಣ್ಣೆಯ ಮೇಲೆ ಇದ್ದ ಊರೇ. ಒಂದೊಂದು ಬಡಾವಣೆಯ ಕಡತವನ್ನೂ ಪ್ರತ್ಯೇಕವಾಗಿ ನೋಡಿದರೆ ತಪ್ಪೇ ಕಾಣುವುದಿಲ್ಲ: ಭೂ ಪರಿವರ್ತನೆ ಆಗಿದೆ, ಚರಂಡಿ ತೋರಿಸಿದೆ, ಖಾತೆ ಇದೆ. ಆ ಚರಂಡಿ ಗೇಟಿನಾಚೆ ಎಲ್ಲಿಗೆ ಸೇರುತ್ತದೆ ಎಂಬುದು ಆ ಕಡತದ ವ್ಯಾಪ್ತಿಯಲ್ಲಿಲ್ಲ. ಭೂ ಪರಿವರ್ತನೆಯಿಲ್ಲದೆ ಮಾರುವ ರೆವಿನ್ಯೂ ಸೈಟುಗಳಿಗಂತೂ ಅಷ್ಟು ಕಡತವೂ ಇರುವುದಿಲ್ಲ.

ಕಾಲುವೆಗಳ ಗತಿ ಏನಾಯಿತೆಂದು 2021ರ ಸಿಎಜಿ ವರದಿ ಲೆಕ್ಕ ಕೊಟ್ಟಿದೆ. 20ನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆಗಳು 2016–17ರ ಹೊತ್ತಿಗೆ ಸುಮಾರು 63 ಕಿಲೋಮೀಟರಿಗೆ ಇಳಿದಿದ್ದವು. ಅಂಚಿನ ಮೀಸಲು ಜಾಗದ ಮೇಲೂ ಜಗ್ಗಾಟ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ರಾಜಕಾಲುವೆಗಳಿಗೆ ದರ್ಜೆಯಂತೆ 50, 35, 25 ಮೀಟರ್ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ರದ್ದುಮಾಡಿತು. ಕಾನೂನಿನ ಮಾತು ನ್ಯಾಯಾಲಯಕ್ಕಿರಲಿ. ನೀರಿನ ಲೆಕ್ಕದಲ್ಲಿ ಎಲ್ಲ ಕಡೆ ಒಂದೇ ಅಳತೆ ಎಂಬುದೇ ಸರಿಯಲ್ಲ ಎನ್ನುವುದು ನನ್ನ ಅನಿಸಿಕೆ. ಕಡಿದಾದ ದಂಡೆಯ ಹಳ್ಳಕ್ಕೆ 15 ಮೀಟರ್ ಹೆಚ್ಚಾಗಬಹುದು, ಅಚ್ಚುಕಟ್ಟಿನ ಸಪಾಟು ನೆಲದಲ್ಲಿ 75 ಮೀಟರೂ ಸಾಲದೆ ಹೋಗಬಹುದು. ಹತ್ತಿರದ ಹಳ್ಳದ ತಳದಿಂದ ಒಂದೊಂದು ಸೈಟೂ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಕ್ರಮವೊಂದನ್ನು ಬ್ರೆಜಿಲ್‌ನ ವಿಜ್ಞಾನಿಗಳು ಅಮೆಜಾನ್ ಕಾಡಿನ ಅಧ್ಯಯನಕ್ಕೆಂದು ರೂಪಿಸಿದ್ದರು. ಅದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಹಳ್ಳದಿಂದ ನೂರು ಮೀಟರ್ ದೂರವಿದ್ದೂ ಅದರ ತಳಕ್ಕಿಂತ ಒಂದೇ ಮೀಟರ್ ಮೇಲಿರುವ ಮನೆಗೆ ದೂರದಿಂದ ಏನೂ ರಕ್ಷಣೆಯಿಲ್ಲ.

2022ರ ಪ್ರವಾಹದ ಬೆನ್ನಲ್ಲೇ ಮಹದೇವಪುರ ವಲಯದಲ್ಲಿ ಒತ್ತುವರಿ ತೆರವು ಶುರುವಾದಾಗ, ಭೂಮಾಪಕರು ಕೈಯಲ್ಲಿ ಹಿಡಿದು ಬಂದದ್ದು ಅದೇ ಗ್ರಾಮ ನಕ್ಷೆಗಳನ್ನು. ಬ್ಯಾಂಕ್ ಸಾಲ, ಮಂಜೂರಾದ ಪ್ಲಾನು, ತೆರಿಗೆ ರಸೀದಿ ಎಲ್ಲ ಇಟ್ಟುಕೊಂಡ ಜನ ತಮ್ಮ ಕಾಂಪೌಂಡಿನೊಳಗೆ ರಾಜಕಾಲುವೆಯೊಂದು ಕಾಗದದಲ್ಲಿ ಹರಿಯುತ್ತಿದ್ದುದನ್ನು ಆಗ ತಿಳಿದರು. ಆ ನಕ್ಷೆ ಕೊಳ್ಳುವ ಮೊದಲು ಅವರ ಮುಂದೆ ಬಂದಿದ್ದರೆ ಕೆಲವರಾದರೂ ಬೇರೆ ಸೈಟು ನೋಡುತ್ತಿದ್ದರು. ಅಪಾಯದ ನಕ್ಷೆ ಪ್ರಕಟವಾದರೆ ನೆಲದ ಬೆಲೆ ಬೀಳುತ್ತದೆಂಬ ಭಯ ನಿಜವೇ. ಪ್ರಕಟವಾಗದಿದ್ದರೆ ಆ ನಷ್ಟ ಮಾರಿದವನಿಂದ ಕೊಂಡವನಿಗೆ ದಾಟುತ್ತದೆ, ಮಾಯವಾಗುವುದಿಲ್ಲ.

ನಗರದೊಳಗೆ ಈಗ ಕೆಲಸ ಸಾಕಷ್ಟು ಮುಂದುವರಿದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆಮಾಪಕಗಳ ಜಾಲ ಹರಡಿ, ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕ ಕೂರಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜತೆಗೂಡಿ ಪ್ರವಾಹದ ಮುನ್ಸೂಚನೆಯ ಮಾದರಿ ಸಿದ್ಧಪಡಿಸಿ, ‘ಬೆಂಗಳೂರು ಮೇಘ ಸಂದೇಶ’ ಎಂಬ ಆ್ಯಪಿನ ಮೂಲಕ ಜನರಿಗೆ ಮುಟ್ಟಿಸುತ್ತಿದೆ. ಇವೆಲ್ಲ ಕಟ್ಟಿ ಮುಗಿದ ಊರಿಗೆ ಬೇಕಾದವು: ಮಳೆ ಬಂದಾಗ ಯಾವ ರಸ್ತೆ ಬಿಡಬೇಕು, ಪಂಪು ಎಲ್ಲಿಗೆ ಒಯ್ಯಬೇಕು ಎಂದು ಹೇಳುತ್ತವೆ. ಕಟ್ಟುವ ಮೊದಲೇ ಹೇಳುವ ನಕ್ಷೆ ಬೇಕಾಗಿರುವುದು ಅದರಾಚೆಯ ಹೊಸಕೋಟೆ, ದೇವನಹಳ್ಳಿ, ಆನೇಕಲ್, ದೊಡ್ಡಬಳ್ಳಾಪುರ ಕಡೆಗೆ. ಅಲ್ಲಿ ಇನ್ನೂ ರಾಗಿ ಇದೆ, ದ್ರಾಕ್ಷಿ ಚಪ್ಪರವಿದೆ, ಕೋಡಿಯ ಕಲ್ಲು ಕಣ್ಣಿಗೆ ಕಾಣುತ್ತದೆ, ಖರಾಬಿನ ಹಳ್ಳದಲ್ಲಿ ಲಂಟಾನ ಬೆಳೆದಿದ್ದರೂ ಅದರ ಎರಡು ದಂಡೆ ಗುರುತಿಗೆ ಸಿಗುತ್ತವೆ. ಉಪನಗರಗಳನ್ನು ಜೋಡಿಸುವ ವರ್ತುಲ ಹೆದ್ದಾರಿ ಇದೇ ತಾಲ್ಲೂಕುಗಳಲ್ಲಿ ಹಾದು, ಒಂದಾದ ಮೇಲೊಂದು ಕೆರೆ ಸಾಲನ್ನು ಅಡ್ಡ ದಾಟುತ್ತದೆ. ಹೆದ್ದಾರಿಯ ಎರಡು ಬದಿಗೂ ಬಡಾವಣೆಯ ಬೋರ್ಡುಗಳು ಬೀಳುತ್ತಿವೆ. ಪ್ರತಿ ದಾಟಿನಲ್ಲೂ ಎಷ್ಟು ಅಗಲದ ಮೋರಿ ಇಡಬೇಕೆಂದು ಇವತ್ತಿನ ರಾಗಿ ಹೊಲದ ಹರಿವಿಗೆ ಲೆಕ್ಕ ಹಾಕುವುದೋ, ಮೇಲಿನ ಹೊಲಗಳೆಲ್ಲ ಸೈಟಾದ ಮೇಲಿನ ಹರಿವಿಗೋ ಎಂಬುದನ್ನು ಮಣ್ಣು ಸುರಿಯುವ ಮೊದಲೇ ತೀರ್ಮಾನಿಸಬೇಕಾಗುತ್ತದೆ. ನಾಲ್ಕು ಘನ ಮೀಟರಿಗೆ ಕಟ್ಟಿದ ಮೋರಿಯಲ್ಲಿ ಹನ್ನೊಂದು ಘನ ಮೀಟರ್ ಹಿಡಿಸುವುದಿಲ್ಲ.